ಬರಿಗಣ್ಣಿಗೆ ಕಾಣದ ನುಸಿ

ಕಪ್ಪೆ ಇವತ್ತೂ ಅದೇ ಕವಲಿನಲ್ಲಿ ಕೂತಿತ್ತು. ಮೂರನೇ ಸಾಲಿನ ಎರಡನೇ ಗಾಂಜಾ ಗಿಡದಲ್ಲಿ, ಎದೆಯೆತ್ತರದಲ್ಲಿ, ಕಾಂಡದಿಂದ ಕೊಂಬೆ ಒಡೆದ ಜಾಗದಲ್ಲಿ, ಹೆಬ್ಬೆರಳಿನ ಉಗುರಿನಷ್ಟೇ ಇದ್ದ ಆ ಹಸಿರು ಕಪ್ಪೆ ಕೈಕಾಲು ಮಡಚಿಕೊಂಡು, ಯಾರ ಗೊಡವೆಯೂ ತನಗೆ ಬೇಡವೆಂಬಂತೆ ಕಣ್ಣು ಅರೆಮುಚ್ಚಿತ್ತು. ವೆಂಡೆಲ್ ಬಗ್ಗಿ ನೋಡಿದ. ಕಳೆದ ವಾರ ಎರಡು ಬೆಳಿಗ್ಗೆ ತಾನು ಇಡೀ ತೋಟಕ್ಕೆ ಗಂಧಕದ ಔಷಧಿ ಹೊಡೆದಾಗ ಇದು ಎಲ್ಲಿ ಹೋಗಿತ್ತು, ಹೇಗೆ ತಡೆದುಕೊಂಡಿತು, ಮತ್ತೆ ಇದೇ ಗಿಡಕ್ಕೇ ಯಾಕೆ ಬಂತು ಎಂದು ಕೇಳಬೇಕೆನಿಸಿತು. ಅರವತ್ತೇಳು ವರ್ಷದ ಗಂಡಸು ಬೆಳ್ಳಂಬೆಳಿಗ್ಗೆ ಕಪ್ಪೆಯ ಹತ್ತಿರ ಕ್ಷಮೆ ಕೇಳುವ ಮಟ್ಟಕ್ಕೆ ಇಳಿದಿದ್ದಾನೆಂದರೆ ಅವನ ರಾತ್ರಿಯ ನಿದ್ದೆ ಎಂಥದ್ದಿರಬೇಕು. ಸಮುದ್ರದ ಕಡೆಯಿಂದ ಬಂದ ಮಂಜು ಇನ್ನೂ ಕಣಿವೆ ಬಿಟ್ಟು ಮೇಲೇರಿರಲಿಲ್ಲ. ಜುಲೈ ಮುಗಿಯುತ್ತಿತ್ತು. ಹಂಬೋಲ್ಟ್ ಸೀಮೆಯ ಈ ಬೆಟ್ಟಗಳಲ್ಲಿ ಇನ್ನು ಹತ್ತು ಹನ್ನೆರಡು ದಿನಕ್ಕೆ ಗಿಡಗಳು ಹೂವಿಗೆ ತಿರುಗುತ್ತವೆ. ಒಮ್ಮೆ ಹೂವಿಗೆ ತಿರುಗಿದ ಮೇಲೆ ಯಾರೂ ಗಂಧಕ ಮುಟ್ಟುವುದಿಲ್ಲ. ಹೂವಿಗೆ ವಾಸನೆ ಹತ್ತಿಕೊಂಡರೆ ಆ ವರ್ಷದ ಕಥೆ ಮುಗಿದಂತೆ. ಅವನದೇನೋ ಹೊಡೆದಾಗಿತ್ತು. ಅವನ ಗಿಡಗಳ ಹೊಸ ಚಿಗುರು ನೆಟ್ಟಗೆ ಬರುತ್ತಿತ್ತು. ಅದನ್ನು ನೋಡಿ ಸಂತೋಷಪಡಲು ಮಾತ್ರ ಅವನಿಂದಾಗಲಿಲ್ಲ.

ಅವನು ದಿನದ ಸುತ್ತನ್ನು ಮುಂದುವರಿಸಿದ. ಇಪ್ಪತ್ತೆಂಟು ವರ್ಷದಿಂದ ಹೀಗೆ ಬೆಳಿಗ್ಗೆ ಒಂದು ಗಂಟೆ ಎಲೆ ಮಗುಚಿ ನೋಡುತ್ತಾ ನಡೆಯುವುದು ಅವನ ಪದ್ಧತಿ. ಕೆಳಗಿನ ಎಲೆಯ ಬೆನ್ನಿಗೆ ಗಿಡಹೇನು, ಅವನ್ನು ದನ ಮೇಯಿಸುವಂತೆ ಮೇಯಿಸುತ್ತಿರುವ ಇರುವೆಗಳ ಸಾಲು. ಕೂದಲೆಳೆಯಂಥ ಕಡ್ಡಿಗಳ ತುದಿಯಲ್ಲಿ ಒಂದೊಂದಾಗಿ ನಿಲ್ಲಿಸಿದ, ಜಾಲರಿ ರೆಕ್ಕೆಯ ಹುಳದ ಬಿಳಿ ಮೊಟ್ಟೆಗಳು. ಕೆಂಪು ನೀಲಿ ಪಟ್ಟೆಯ ಜಿಗಿಹುಳು ಒಂದು, ಬೆರಳು ಹತ್ತಿರ ಬಂದರೆ ಎಲೆಯ ಆಚೆ ಬದಿಗೆ ಅಡ್ಡಡ್ಡ ಸರಿದು ಅಡಗಿಕೊಳ್ಳುವಂಥದ್ದು. ಕೈಮುಗಿದು ಕೂತ ಸೂರ್ಯನ ಕುದುರೆ. ಇವನ್ನೆಲ್ಲ ಅವನು ನೋಡುತ್ತಿದ್ದನೋ, ಅಥವಾ ಇಂಥಿಂಥ ಜಾಗದಲ್ಲಿ ಇಂಥಿಂಥದ್ದು ಇರುತ್ತದೆಂದು ಗೊತ್ತಿದ್ದರಿಂದ ಕಂಡಂತೆ ಅನಿಸುತ್ತಿತ್ತೋ, ಅವನಿಗೇ ಈಗ ಖಾತ್ರಿಯಿರಲಿಲ್ಲ. ಎಡಗಣ್ಣು ಪರವಾಗಿಲ್ಲ. ಬಲಗಣ್ಣಿನ ಮೇಲೆ ಎರಡು ವರ್ಷದಿಂದ ಪೊರೆ ಬೆಳೆಯುತ್ತಿತ್ತು, ಮತ್ತು ಭೂತಗನ್ನಡಿ ಹಿಡಿಯುವುದು ಅವನಿಗೆ ಬಲಗಣ್ಣಿಗೇ ರೂಢಿ. ಊರಿನ ಕಣ್ಣಿನ ವೈದ್ಯೆ ಹೇಳಿದ್ದಳು, ಸಣ್ಣ ಆಪರೇಷನ್, ಮಧ್ಯಾಹ್ನಕ್ಕೆ ಮನೆಗೆ ಹೋಗಬಹುದು ಎಂದು. ಕೊಯ್ಲು ಮುಗಿಯಲಿ ಎಂದಿದ್ದ. ಒಂದು ಕೊಯ್ಲು ಮುಗಿಯಿತು. ಮತ್ತೊಂದೂ ಮುಗಿಯಿತು. ಈ ಬೆಟ್ಟದ ತುಂಬ ಅವನನ್ನು ಕರೆಯುತ್ತಿದ್ದದ್ದೇ ಹುಳದ ಡಾಕ್ಟ್ರು ಎಂದು. ಹುಳದ ಡಾಕ್ಟ್ರಿಗೆ ಹುಳ ಕಾಣುವುದಿಲ್ಲವಂತೆ ಎಂಬ ಮಾತನ್ನು ಗೊಬ್ಬರದಂಗಡಿಯ ಕಟ್ಟೆಯ ಮೇಲೆ ಕೂತ ಮೂವರು ಮುದುಕರು ಹೇಗೆ ಚಪ್ಪರಿಸಿ ಆಡುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರ ವಿಷಯಕ್ಕೆ ಅದೇ ಕಟ್ಟೆಯಲ್ಲಿ ಅವನೂ ಚಪ್ಪರಿಸಿದವನೇ.

ಡಾಕ್ಟ್ರಾದದ್ದಾದರೂ ಹೇಗೆ? ಒಂಬತ್ತು ವರ್ಷದವನಿದ್ದಾಗ, ಒಳನಾಡಿನಲ್ಲಿ, ಅಪ್ಪನ ದ್ರಾಕ್ಷಿ ತೋಟದಲ್ಲಿ, ಎಲೆಗಳ ಮೇಲೆ ಕಪ್ಪು ಮೈಯ, ಕಿತ್ತಳೆ ಚುಕ್ಕೆಯ, ಮೊಸಳೆಯಂಥ ಹುಳುಗಳನ್ನು ಕಂಡು, ಅಪ್ಪನಿಗೆ ಸಹಾಯವಾಗಲೆಂದು ಇಡೀ ಸಾಲನ್ನು ಒಂದೊಂದಾಗಿ ಹೊಸಕಿ ಕೊಂದಿದ್ದ. ಬೆರಳು ಹಳದಿಯಾಗಿತ್ತು. ಓಡಿಹೋಗಿ ಬೆರಳು ತೋರಿಸಿದ. ಅವು ಗುಲಗಂಜಿ ಹುಳದ ಮರಿಗಳು, ಗಿಡಹೇನು ತಿನ್ನುವಂಥವು, ತೋಟಕ್ಕೆ ದೇವರು ಕಳಿಸಿದಂಥವು ಎಂದು ಅಪ್ಪ ಹೇಳಲಿಲ್ಲ, ಬೈಯಲೂ ಇಲ್ಲ. ಆ ಸಂಜೆ ಪಕ್ಕದ ತೋಟದವರೆಲ್ಲ ಅಂಗಳದಲ್ಲಿ ಕೂತಿದ್ದಾಗ ಅವನನ್ನು ಮುಂದೆ ನಿಲ್ಲಿಸಿಕೊಂಡು, 'ಇವನು ನಮ್ಮ ಮನೆ ಪೊಲೀಸು, ಕಳ್ಳನ್ನ ಬಿಟ್ಟು ಕಾವಲುಗಾರನ್ನ ಹಿಡೀತಾನೆ' ಎಂದ. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಆ ನಗುವನ್ನು ಇನ್ನೊಮ್ಮೆ ಕೇಳಬಾರದೆಂದೇ ಅವನು ಹುಳುಗಳ ಹೆಸರು ಕಲಿತದ್ದು, ಮರಿ ಯಾವುದು ದೊಡ್ಡದು ಯಾವುದು, ತಿನ್ನುವುದು ಯಾವುದು ತಿನ್ನುವುದನ್ನು ತಿನ್ನುವುದು ಯಾವುದು ಎಂದು ತಲೆಯಲ್ಲಿ ಕೂರಿಸಿಕೊಂಡದ್ದು. ಗಾಂಜಾಕ್ಕೆ ಇನ್ನೂ ಪರವಾನಗಿ ಇಲ್ಲದೆ, ಪೊಲೀಸರ ಹೆಲಿಕಾಪ್ಟರುಗಳು ತಲೆಯ ಮೇಲೆ ಹಾರುತ್ತಿದ್ದ, ಗಿಡಗಳನ್ನು ಮರದ ನೆರಳಲ್ಲಿ ಬಚ್ಚಿಟ್ಟು ಬೆಳೆಯುತ್ತಿದ್ದ ಕಾಲದಲ್ಲೂ ಜನ ಎಲೆಯನ್ನು ಜೇಬಿನಲ್ಲಿಟ್ಟುಕೊಂಡು ಅವನ ಹತ್ತಿರ ಬರುತ್ತಿದ್ದರು. ಅವನು ಭೂತಗನ್ನಡಿ ಹಿಡಿದು, ಸ್ವಲ್ಪ ಹೊತ್ತು ಬೇಕೆಂದೇ ಸುಮ್ಮನಿದ್ದು, ಆಮೇಲೆ ಹೆಸರು ಹೇಳುತ್ತಿದ್ದ. ಆ ಸುಮ್ಮನಿರುವ ಹೊತ್ತು ಅವನಿಗೆ ಬಹಳ ಇಷ್ಟವಾಗಿತ್ತು. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ.

"ಡಾಕ್ಟ್ರೇ, ಕಾಫಿ ಆರ್ತಾ ಇದೆ. ರೋಗಿಗಳನ್ನ ಆಮೇಲೆ ನೋಡಿದ್ರಾಯ್ತು, ಬನ್ನಿ," ಎಂದು ಲೊರೇನ್ ಅಡುಗೆಮನೆಯ ಬಾಗಿಲಿನಿಂದ ಕೂಗಿದಳು. ಹೆಂಡತಿ ಅವನನ್ನು ಬಹುವಚನದಲ್ಲಿ ಕರೆದಳೆಂದರೆ ಒಂದೋ ಖುಷಿಯಲ್ಲಿದ್ದಾಳೆ ಇಲ್ಲವೇ ಏನನ್ನೋ ಕಾಯುತ್ತಿದ್ದಾಳೆ. ಮೂವತ್ತು ವರ್ಷ ಬೆಟ್ಟದ ಕೆಳಗಿನ ಶಾಲೆಯಲ್ಲಿ ಟೀಚರಾಗಿದ್ದವಳು. ಹುಡುಗರು ತಾವಾಗಿ ಒಪ್ಪಿಕೊಳ್ಳುವವರೆಗೆ ಕಾಯುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಅವನು ಕೈ ತೊಳೆದು ಕೂತ. ಬ್ರೆಡ್ಡು, ಕಪ್ಪು ಹಣ್ಣಿನ ಜಾಮು. ಲೊರೇನ್ ಎದುರು ಕೂತು ತನ್ನ ಲೋಟವನ್ನು ಎರಡು ಕೈಯಲ್ಲೂ ಹಿಡಿದಳು.

"ಮರ್ನಾ ಫೋನ್ ಮಾಡಿದ್ಲು."

"ಏನಂತೆ?"

"ಗಿಡಗಳು ಇನ್ನೂ ಹಾಗೇ ಇವೆಯಂತೆ. ನೀರು ಅರ್ಧಕ್ಕೆ ಇಳಿಸಿದ್ರೂ ಎಲೆ ಮುದುಡೋದು ನಿಂತಿಲ್ವಂತೆ. ಇವತ್ತು ಬಿಸಿಲು ತಗ್ಗಿದ ಮೇಲೆ ಬೇವಿನೆಣ್ಣೆ ಹೊಡೀತಾಳಂತೆ. ಯಾವುದಕ್ಕಾದ್ರೂ ಆಗುತ್ತೆ, ಸುಮ್ನೆ ಕೂರೋದಕ್ಕಿಂತ ವಾಸಿ ಅಂದ್ಲು."

ವೆಂಡೆಲ್ ಬ್ರೆಡ್ಡನ್ನು ಕೆಳಗಿಟ್ಟ. ಎಣ್ಣೆ ಹೊಡೆದ ಗಿಡಕ್ಕೆ ಎರಡು ವಾರ ಗಂಧಕ ಹಾಕುವಂತಿಲ್ಲ. ಹಾಕಿದರೆ ಎಲೆ ಸುಟ್ಟು ಹೋಗುತ್ತದೆ, ಇದು ಈ ಬೆಟ್ಟದ ಮಕ್ಕಳಿಗೂ ಗೊತ್ತು. ಎರಡು ವಾರ ಕಳೆಯುವಷ್ಟರಲ್ಲಿ ಹೂ. ಅಂದರೆ ಕಣಿವೆಯಾಚೆಯ ಮರ್ನಾ ಸಂಜೆ ಪಂಪಿನ ಹಿಡಿ ಒತ್ತಿದರೆ ಅವಳ ಇಪ್ಪತ್ತೆರಡು ಗಿಡಗಳಿಗೆ ಈ ವರ್ಷ ಇದ್ದ ಒಂದೇ ಔಷಧಿಯ ಬಾಗಿಲು ಮುಚ್ಚಿಹೋಗುತ್ತದೆ. ಅಷ್ಟು ಸರಳ.

"ಫ್ಲಾಯ್ಡ್ ವಾಪಸ್ ಬಂದ್ನಂತಾ?" ಎಂದು ಅವನು ಕೇಳಿದ. ಕೇಳಬೇಕೆಂದುಕೊಂಡದ್ದು ಅದಲ್ಲ.

"ಎಲ್ಲಿಂದ ಬರ್ತಾನೆ? ಭಾನುವಾರ ಹೋದೋನು. ಊರಲ್ಲಿ ಯಾರದೋ ಗ್ಯಾರೇಜಿನ ಮೇಲಿನ ರೂಮಲ್ಲಿದಾನಂತೆ. ಇವಳೂ ಕರೆದಿಲ್ಲ, ಅವನೂ ಕೇಳಿಲ್ಲ. ಅಕ್ಕ ತಮ್ಮ ಇಬ್ರೂ ಒಂದೇ ಅಚ್ಚು." ಲೊರೇನ್ ಅವನ ಕೈಯನ್ನು ನೋಡುತ್ತಾ, "ನಿನ್ನ ಉಗುರಲ್ಲಿ ಇನ್ನೂ ಹಳದಿ ಇದೆ," ಎಂದಳು. ಎದ್ದು ಲೋಟ ತೊಳೆದಳು.

ಮೇ ತಿಂಗಳಲ್ಲಿ ಮರ್ನಾಗೆ ಎಪ್ಪತ್ತು ತುಂಬಿದಾಗ ಅವನೇ ಆರು ಸಸಿಗಳನ್ನು ಹೊತ್ತುಕೊಂಡು ಹೋಗಿದ್ದ. ತನ್ನ ಹಳೆಯ ತಾಯಿಗಿಡದ ಕಡ್ಡಿ ನೆಟ್ಟು ಬೇರು ಬರಿಸಿದ ಸಸಿಗಳು, ಒಂದೊಂದಕ್ಕೂ ಕೆಂಪು ನೂಲು ಕಟ್ಟಿ. ಗಂಡ ಬರ್ಟ್ ತೀರಿಕೊಂಡ ಮೇಲೆ ಅವಳು ಗಿಡ ಬೆಳೆಯುವುದನ್ನೇ ಬಿಡುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು, ಬಿಡಲಿಲ್ಲ, ಕುಡಿತ ಬಿಟ್ಟು ಆರು ವರ್ಷವಾದ ತಮ್ಮ ಫ್ಲಾಯ್ಡ್‌ನನ್ನು ಕರೆಸಿಕೊಂಡು ನೀರಿನ ಕೆಲಸ ಅವನಿಗೆ ಕೊಟ್ಟಳು. ಹೊರಗಿನಿಂದ ಬಂದ ಸಸಿಯನ್ನು ಹದಿನೈದು ದಿನ ದೂರದಲ್ಲಿ, ಬೇರೆ ನೆರಳಲ್ಲಿಟ್ಟು, ಹುಳ ಇಲ್ಲವೆಂದು ಖಾತ್ರಿಯಾದ ಮೇಲೆ ತೋಟಕ್ಕೆ ಸೇರಿಸುವುದು ಇಲ್ಲಿಯ ರೂಢಿ. ಸ್ವಂತ ಮಗ ತಂದು ಕೊಟ್ಟರೂ ಬಿಡುವುದಿಲ್ಲ. ಅವತ್ತು ಫ್ಲಾಯ್ಡ್ ಸಸಿಗಳ ತಟ್ಟೆ ಎತ್ತಿಕೊಂಡು ದೂರದ ಕೊಟ್ಟಿಗೆಯ ಕಡೆ ಹೊರಟಿದ್ದ. 'ಎಲ್ಲಿಗೋ ಅದು?' ಎಂದು ಮರ್ನಾ ಕೂಗಿದಳು. 'ಹದಿನೈದು ದಿನ ಇಡ್ಬೇಕಲ್ಲ?' ಎಂದ ಅವನು. 'ಅಯ್ಯೋ ಪೆದ್ದೇ, ಡಾಕ್ಟ್ರ ಮನೆ ಕೂಸಿಗೆ ಜ್ವರ ನೋಡ್ತಾರೇನೋ? ತಂದು ತೊಟ್ಟಿ ಪಕ್ಕ ನೆಡು.' ಫ್ಲಾಯ್ಡ್ ತಿರುಗಿ ವೆಂಡೆಲ್‌ನ ಮುಖ ನೋಡಿದ. ಇಡು, ಹದಿನೈದು ದಿನ ಇಡು, ನನ್ನದಾದರೇನು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ವೆಂಡೆಲ್ ನಕ್ಕಿದ್ದ. ಹೊಗಳಿಕೆ ಅಷ್ಟು ಹಿತವಾಗಿತ್ತು. ಕೊಡುವ ಮುಂಚೆ ಅವನು ಸಸಿಗಳನ್ನು ನೋಡಿಯೇ ಇದ್ದ, ಭೂತಗನ್ನಡಿ ಹಿಡಿದು, ಬಲಗಣ್ಣಿನಲ್ಲಿ, ಆರನ್ನೂ. ಸ್ವಚ್ಛ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಸ್ವಚ್ಛವಾಗಿ ಕಂಡದ್ದು ಪೊರೆ.

ಕಳೆದ ವಾರದ ಸೋಮವಾರ ತನ್ನ ಗಿಡದ ಎಲೆಗಳ ಅಂಚು ಮೇಲಕ್ಕೆ ಸುರುಳಿಯಾಗಿರುವುದು, ಹೊಳಪು ಹೋಗಿ ಕಂಚಿನ ಬಣ್ಣಕ್ಕೆ ತಿರುಗಿರುವುದು ಕಂಡಾಗಲೂ ಅವನು ಎರಡು ಗಂಟೆ ಬೇರೆ ಕಾರಣ ಹುಡುಕಿದ್ದ. ಬಿಸಿಲು. ಗೊಬ್ಬರ. ಕೊನೆಗೆ ಲೊರೇನಳ ಶಾಲೆಯಿಂದ ಬಂದ ಹಳೆಯ ಸೂಕ್ಷ್ಮದರ್ಶಕವನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಎಲೆಯ ಚೂರನ್ನು ಕೆಳಗಿಟ್ಟು ಎಡಗಣ್ಣು ಹಚ್ಚಿದ. ಅಲ್ಲಿ ನುಸಿಗಳು ಇದ್ದವು. ಒಂದಲ್ಲ, ಹತ್ತಲ್ಲ. ಕ್ಯಾರೆಟ್ಟಿನ ಆಕಾರದ, ತಿಳಿ ಹಳದಿಯ, ಪಾರದರ್ಶಕವೆನಿಸುವ ಸಣ್ಣ ಮೈಗಳು, ತಲೆಯ ಹತ್ತಿರ ನಾಲ್ಕೇ ನಾಲ್ಕು ಕಾಲು, ಎಲೆಯ ರೋಮಗಳ ನಡುವೆ ನಿಧಾನವಾಗಿ, ಯಾವ ಅವಸರವೂ ಇಲ್ಲದೆ ತೆವಳುತ್ತಿದ್ದವು. ಬರಿಗಣ್ಣಿಗೆ ಇವು ಇಲ್ಲವೇ ಇಲ್ಲ. ಭೂತಗನ್ನಡಿಯಲ್ಲೂ ಒಳ್ಳೆಯ ಕಣ್ಣಿದ್ದವನಿಗೆ ಮಾತ್ರ. ಅವನಿಗೆ ವಿಚಿತ್ರವಾಗಿ ಅವುಗಳ ಮೇಲೆ ಸಿಟ್ಟು ಬರಲಿಲ್ಲ. ಅವುಗಳಿಗೆ ತಾವು ಯಾರ ತೋಟದಲ್ಲಿದ್ದೇವೆ, ಯಾರ ಮರ್ಯಾದೆ ತಿನ್ನುತ್ತಿದ್ದೇವೆ ಎಂಬುದೇನೂ ಗೊತ್ತಿರಲಿಲ್ಲ. ತಾಯಿಗಿಡವನ್ನೂ ನೋಡಿದ. ಅಲ್ಲಿ ಎಲ್ಲಕ್ಕಿಂತ ಹೆಚ್ಚು. ಆಗಲೇ ಮರ್ನಾಳ ಆರು ಸಸಿಗಳು ತಲೆಗೆ ಬಂದವು. ಬಂದ ಕೂಡಲೇ ಅವನು ಆ ಯೋಚನೆಯನ್ನು ಒಂದು ಬದಿಗೆ ಸರಿಸಿ, ಮೊದಲು ತನ್ನದು ನೋಡೋಣ ಎಂದುಕೊಂಡ. ಮಂಗಳವಾರ ಸೂರ್ಯ ಹುಟ್ಟುವ ಮುಂಚೆ ಗಂಧಕ ಹೊಡೆದ. ಶುಕ್ರವಾರ ಮತ್ತೆ ಹೊಡೆದ. ಎರಡು ದಿನವೂ ಗಾಳಿ ಯಾವ ಕಡೆ ಬೀಸುತ್ತಿದೆ, ವಾಸನೆ ಯಾರ ಮನೆಗೆ ಹೋಗುತ್ತದೆ ಎಂದು ಮೊದಲು ನೋಡಿಕೊಂಡಿದ್ದ. ಕಳ್ಳನಿಗಾದರೂ ಇಷ್ಟು ಮುಂಜಾಗ್ರತೆ ಇರುತ್ತಿತ್ತೋ ಇಲ್ಲವೋ.

ಶನಿವಾರ ಮರ್ನಾ ತಾನೇ ಕರೆಸಿದಳು. ಅವನು ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡೇ ತೋಟದೊಳಗೆ ನಿಂತಿದ್ದ, ವಾಸನೆ ಬರಬಾರದೆಂದು. ದೂರದಿಂದ ನೋಡಿದರೇ ಎಲ್ಲ ಗೊತ್ತಾಗುತ್ತಿತ್ತು. ತೊಟ್ಟಿಯ ಪಕ್ಕದ ಆರು ಗಿಡಗಳು ಹೆಚ್ಚು ಸೊರಗಿದ್ದವು, ಅಲ್ಲಿಂದ ಗಾಳಿ ಬೀಸುವ ದಿಕ್ಕಿಗೇ ಉಳಿದವು ಒಂದರ ಹಿಂದೆ ಒಂದು ಮುದುಡುತ್ತಾ ಹೋಗಿದ್ದವು. ಆರು ಗಿಡಗಳ ಬುಡದಲ್ಲಿ ಕೆಂಪು ನೂಲು ಇನ್ನೂ ಇತ್ತು. ಮರ್ನಾ ಒಂದು ಎಲೆ ಕಿತ್ತು ಅವನ ಕೈಗೆ ಕೊಟ್ಟಳು. ಅವನು ಭೂತಗನ್ನಡಿ ಹಿಡಿದ, ರೂಢಿಯಂತೆ ಸುಮ್ಮನಿದ್ದ. ಮಬ್ಬು ಹಸಿರಲ್ಲದೆ ಏನೂ ಕಾಣಲಿಲ್ಲ. ಫ್ಲಾಯ್ಡ್ ನೀರಿನ ಪೈಪು ಹಿಡಿದು ಆಚೆ ನಿಂತು ಇವನ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದ. ಹೇಳುವುದಿದ್ದರೆ ಅದೇ ಗಳಿಗೆ. 'ಹುಳ ಅಂತ ಏನೂ ಕಾಣ್ಲಿಲ್ಲ' ಎಂದ ವೆಂಡೆಲ್. ಅದು ಸುಳ್ಳಲ್ಲ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮರ್ನಾ ಮುಖವನ್ನೇ ನೋಡುತ್ತಿದ್ದಳು, ಏನಾದರೊಂದು ಹೇಳಲೇಬೇಕಿತ್ತು. 'ನೀರು ಒಂಚೂರು ಹೆಚ್ಚಾಗಿರಬಹುದೇನೋ.'

ಮರ್ನಾ ತಮ್ಮನ ಕಡೆ ತಿರುಗಿದಳು. ಅವಳು ಆಡಿದ ಮಾತುಗಳನ್ನು ವೆಂಡೆಲ್ ಈಗಲೂ ಒಂದೊಂದಾಗಿ ನೆನಪಿಟ್ಟುಕೊಂಡಿದ್ದ. ನೀರು ಬಿಡೋದು ಒಂದು ಕೆಲಸ, ಅದೂ ನೆಟ್ಟಗೆ ಬರಲ್ವಲ್ಲೋ ನಿಂಗೆ. ಆರು ವರ್ಷ ಬಾಟ್ಲಿ ಮುಟ್ಟಿಲ್ಲ ಅಂದ್ರೆ ತಲೆ ತಾನಾಗಿ ಸರಿಹೋಗುತ್ತೆ ಅಂದ್ಕೊಂಡಿದ್ಯಾ? ಬರ್ಟ್ ನೆಟ್ಟ ನೆಲ ಇದು. ಫ್ಲಾಯ್ಡ್ ಎದುರಾಡಲಿಲ್ಲ. 'ನಾನು ನೋಡ್ಕೊಂಡೇ ಬಿಡ್ತಿದ್ದೆ' ಎಂದು ಒಂದು ಸಲ ಹೇಳಿದ. ಆಮೇಲೆ, 'ಇರಬಹುದು, ಮರೆತಿರಬಹುದು' ಎಂದ. ಪೈಪನ್ನು ಸುರುಳಿ ಸುತ್ತಿ, ಗೂಟಕ್ಕೆ ನೇತುಹಾಕಿ, ವೆಂಡೆಲ್‌ಗೆ ತಲೆಯಾಡಿಸಿ ಒಳಗೆ ಹೋದ. ಆ ತಲೆಯಾಡಿಸಿದ್ದರಲ್ಲಿ ದೂರು ಇರಲಿಲ್ಲ. ದೂರಿದ್ದರೆ ಎಷ್ಟೋ ಚೆನ್ನಾಗಿತ್ತು.

ಊಟದ ಹೊತ್ತಿಗೆ ಮಂಜು ಪೂರ್ತಿ ಹೋಗಿ ಬಿಸಿಲು ಸುಡತೊಡಗಿತು. ವೆಂಡೆಲ್ ಬೇಲಿಯ ಒಂದು ಗೂಟ ಸರಿಮಾಡಿದ, ಅದು ಸರಿಯಾಗಿಯೇ ಇತ್ತು. ಪಂಪಿನ ಬಾಯಿ ತೊಳೆದ. ಹೇಳದೆಯೂ ಕೆಲಸ ಆಗುವ ದಾರಿಗಳನ್ನು ಒಂದೊಂದಾಗಿ ಯೋಚಿಸಿದ. ಫೋನ್ ಮಾಡಿ, ಎಣ್ಣೆ ಬೇಡ, ಯಾವುದಕ್ಕೂ ಇರಲಿ ಗಂಧಕ ಹೊಡೆ ಎನ್ನಬಹುದು. ಯಾಕೆ ಎಂದು ಕೇಳುತ್ತಾಳೆ. ಈ ವರ್ಷ ಬೆಟ್ಟದಲ್ಲಿ ನುಸಿ ಓಡಾಡ್ತಿದೆಯಂತೆ, ಯಾರ ತೋಟದಿಂದ ಬಂತೋ ಯಾರಿಗೆ ಗೊತ್ತು ಎನ್ನಬಹುದು. ಅವಳು ನಂಬುತ್ತಾಳೆ, ಧನ್ಯವಾದವನ್ನೂ ಹೇಳುತ್ತಾಳೆ, ಕೊಯ್ಲಿನ ದಿನ ಎಲ್ಲರೆದುರು ಡಾಕ್ಟ್ರು ಕಾಪಾಡಿದ ಎನ್ನುತ್ತಾಳೆ. ಗಿಡ ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ಫ್ಲಾಯ್ಡ್? ಅವನನ್ನೂ ಹೇಗೋ ಕರೆಸಿಕೊಳ್ಳಬಹುದು, ಮರ್ನಾಳ ಸಿಟ್ಟು ತಾನಾಗಿ ಇಳಿಯುತ್ತದೆ. ಯೋಚನೆ ಎಷ್ಟು ಚೆನ್ನಾಗಿ ಕೂಡಿ ಬಂತೆಂದರೆ ಅವನು ಒಳಗೆ ಹೋಗಿ ಫೋನ್ ಕೈಗೆತ್ತಿಕೊಂಡ. ಕೈಗೆತ್ತಿಕೊಂಡಾಗ ಫ್ಲಾಯ್ಡ್ ಹೇಳಿದ 'ಮರೆತಿರಬಹುದು' ಎಂಬ ಮಾತು ಕಿವಿಗೆ ಬಿತ್ತು. ಸುಳ್ಳು ಹೇಳಿದವನು ತಾನು, ಅದನ್ನು ನಂಬಿ ತನ್ನ ತಲೆಯ ಮೇಲೆಯೇ ಅನುಮಾನ ಪಟ್ಟವನು ಅವನು. ವೆಂಡೆಲ್ ಫೋನನ್ನು ಮತ್ತೆ ಜಾಗದಲ್ಲಿಟ್ಟ.

ನುಸಿ ಮೈಗೆ ಅಂಟಿ ಬರಬಾರದೆಂದು ಸ್ನಾನ ಮಾಡಿದ. ಒಗೆದ ಬಟ್ಟೆ, ಮನೆಯೊಳಗೆ ಮಾತ್ರ ಹಾಕುವ ಚಪ್ಪಲಿ. ಈ ಮಡಿಯನ್ನು ಮೇ ತಿಂಗಳಲ್ಲಿ ಮಾಡಿದ್ದರೆ ಆಗುತ್ತಿತ್ತು. ಲೊರೇನ್ ಬಟಾಣಿ ಸುಲಿಯುತ್ತಾ ಕೂತಿದ್ದವಳು ಕೇಳಿದಳು, "ಗಾಡಿ ತಗೊಂಡು ಹೋಗ್ತೀಯಾ?"

"ಇಲ್ಲ, ನಡೀತೀನಿ."

"ಬೇಗ ನಡಿ," ಎಂದಳು. "ಅವಳು ಹೇಳಿದ ಟೈಮಿಗೆ ಕಾಯೋ ಪೈಕಿ ಅಲ್ಲ."

ದಾರಿ ಕಣಿವೆಗಿಳಿದು ಮತ್ತೆ ಏರುತ್ತದೆ, ಒಂದು ಮೈಲಿ. ಒಣಗಿದ ಹುಲ್ಲಿನಲ್ಲಿ ಮಿಡತೆಗಳು ಚಿಟಚಿಟ ಹಾರುತ್ತಿದ್ದವು. ಸೆಪ್ಟೆಂಬರ್ ಬಂದರೆ ಪತಂಗಗಳು ಹೂವಿನ ಮೇಲೆ ಮೊಟ್ಟೆಯಿಡುತ್ತವೆ, ಹಸಿರು ಹುಳು ಒಳಗಿಂದೊಳಗೆ ಕೊರೆದು, ಹೊರಗೆ ಚೆಂದ ಕಾಣುವ ಗೊಂಚಲು ಒಳಗೆ ಕೊಳೆತಿರುತ್ತದೆ. ಅದನ್ನು ಬೆರಳಿಂದ ಬಿಡಿಸಿ ತೋರಿಸಿ ಎಷ್ಟು ಜನಕ್ಕೆ ಅವನು ಪಾಠ ಹೇಳಿದ್ದ. ಹೇಳಬೇಕಾದ ಮಾತನ್ನು ನಡೆಯುತ್ತಾ ಜೋಡಿಸಿಕೊಂಡ. ಮೊದಲು ನುಸಿ, ಆಮೇಲೆ ಸಸಿ, ಆಮೇಲೆ ಕಣ್ಣು. ಕಣ್ಣಿನ ವಿಷಯ ಮೊದಲೇ ಹೇಳಿದರೆ ಅವಳಿಗೆ ಕನಿಕರ ಬರುತ್ತದೆ. ಕನಿಕರ ಬರಲಿ ಎಂದು ಒಳಗೊಬ್ಬ ಹೇಳುತ್ತಿದ್ದ. ಅದು ಬೇಡ ಎಂದು ತಿರುವಿನ ಹತ್ತಿರ ತೀರ್ಮಾನವಾಯಿತು.

ಮರ್ನಾ ಜಗಲಿಯ ಮೇಲೆ ಬಕೆಟ್ಟು ಇಟ್ಟುಕೊಂಡು ಬಿಸಿನೀರಿಗೆ ಸೋಪು ಕದಡುತ್ತಿದ್ದಳು. ಬೇವಿನೆಣ್ಣೆಯ ಬಾಟಲಿ ಪಕ್ಕದಲ್ಲಿ, ಮುಚ್ಚಳ ತೆಗೆದಿತ್ತು. ಆ ಕಟು ವಾಸನೆ ಗೇಟಿನವರೆಗೆ ಬರುತ್ತಿತ್ತು.

"ಬಂದ್ಯಾ ಬಾ ಬಾ. ಕರೀದೇ ಬರೋ ಡಾಕ್ಟ್ರು ನೀನೊಬ್ಬನೇ ಈ ದೇಶದಲ್ಲಿ. ಬಾಟ್ಲಿ ಹಿಡ್ಕೊ, ನನ್ನ ಕೈ ನಡುಗುತ್ತೆ, ಜಾಸ್ತಿ ಬಿದ್ಬಿಡುತ್ತೆ."

"ಹಾಕ್ಬೇಡ ಮರ್ನಾ."

"ಯಾಕೋ? ಬಿಸಿಲು ತಗ್ಗಲಿ ಅಂತೀಯಾ? ಕಲಸಿಡ್ತೀನಿ ಅಷ್ಟೇ."

"ಎಣ್ಣೆ ಬೇಡ. ನಾಳೆ ಬೆಳಿಗ್ಗೆ ಗಂಧಕ ಹೊಡೀಬೇಕು. ನಿನ್ನ ಗಿಡಕ್ಕೆ ನುಸಿ ಬಿದ್ದಿದೆ. ಕಣ್ಣಿಗೆ ಕಾಣದ ನುಸಿ." ಗೇಟಿನ ಆಚೆಯೇ ನಿಂತು ಅವನು ಹೇಳುತ್ತಿದ್ದ. "ನಾನು ಕೊಟ್ಟ ಸಸಿಗಳಿಂದ ಬಂದದ್ದು. ನನ್ನ ತೋಟದ ತುಂಬ ಇತ್ತು."

ಮರ್ನಾ ಕೋಲು ಆಡಿಸುವುದನ್ನು ನಿಲ್ಲಿಸಿದಳು. ಸೋಪಿನ ನೀರು ಬಕೆಟ್ಟಿನೊಳಗೆ ತಾನಾಗಿ ಎರಡು ಸುತ್ತು ಸುತ್ತಿ ನಿಂತಿತು. "ಇತ್ತು ಅಂದ್ರೆ? ಈಗ ಇಲ್ವಾ?"

"ಹೊಡೆದೆ. ಗಂಧಕ."

"ಯಾವತ್ತು ಗೊತ್ತಾಯ್ತು ನಿಂಗೆ?"

"ಹತ್ತು ದಿನ ಆಯ್ತು."

ಅವಳು ಬೆರಳು ಮಡಚಿ ಲೆಕ್ಕ ಹಾಕಲಿಲ್ಲ, ಹಾಕುವ ಅಗತ್ಯವಿರಲಿಲ್ಲ. "ಶನಿವಾರ ನೀನು ಇಲ್ಲಿ ನಿಂತಿದ್ದೆ," ಎಂದಳು ಮೆಲ್ಲಗೆ. "ಆ ಎಲೆ ಹಿಡ್ಕೊಂಡು ನೋಡಿದೆ."

"ನೋಡಿದ್ದು ಸುಳ್ಳು. ನಂಗೆ ಬಲಗಣ್ಣು ಕಾಣಲ್ಲ, ಎರಡು ವರ್ಷ ಆಯ್ತು. ಆದ್ರೆ ಅದು ನುಸಿ ಅಂತ ಗೊತ್ತಿತ್ತು. ಕಣ್ಣು ಬೇಕಾಗಿರ್ಲಿಲ್ಲ."

"ನನ್ನ ತಮ್ಮನ್ನ ನಾನು ನಾಯಿಗಿಂತ ಕಡೆಯಾಗಿ ಬೈತಿದ್ದಾಗ ನೀನು ಜೇಬಲ್ಲಿ ಕೈ ಇಟ್ಕೊಂಡು ನಿಂತಿದ್ದೆಯಲ್ಲೋ ವೆಂಡೆಲ್."

"ನಿಂತಿದ್ದೆ."

ಅವನು ಬೈಗುಳಕ್ಕೆ ಕಾದ. ಮರ್ನಾಳ ಬಾಯಿ ಎಂಥದ್ದೆಂದು ಇಡೀ ಬೆಟ್ಟಕ್ಕೆ ಗೊತ್ತಿತ್ತು. ಆ ಬಾಯಿ ಇವತ್ತು ತನ್ನ ಮೇಲೆ ಪೂರ್ತಿ ತೆರೆದರೆ ಮೈ ಹಗುರವಾಗುತ್ತದೆ ಎಂದುಕೊಂಡೇ ಬಂದಿದ್ದ. ಅವಳು ಬೈಯಲಿಲ್ಲ. ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿ ಬಿಗಿಮಾಡಿದಳು. ಮುಖ ಒಂದೇ ಗಳಿಗೆಯಲ್ಲಿ ಅವಳ ವಯಸ್ಸಿಗೆ ಬಂದುಬಿಟ್ಟಿತ್ತು. "ಗಿಡ ಹಾಳಾಗ್ಲಿ ಬಿಡು, ಗಿಡಕ್ಕೇನು," ಎಂದು ತನಗೇ ಎಂಬಂತೆ ಹೇಳಿ, "ಒಳಗೆ ಬಾ," ಎಂದಳು. ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಗೋಡೆಯ ಫೋನಿನ ಹತ್ತಿರ ನಿಂತು ಅವಳು ಕನ್ನಡಕ ಹುಡುಕಿ, ಚೀಟಿಯಲ್ಲಿ ಬರೆದಿದ್ದ ನಂಬರನ್ನು ಒಂದೊಂದಾಗಿ ಒತ್ತಿದಳು. ಆ ಚೀಟಿ ಭಾನುವಾರದಿಂದ ಅಲ್ಲೇ ಅಂಟಿಕೊಂಡಿದ್ದಿರಬೇಕು. ಆ ಕಡೆ ಬಹಳ ಹೊತ್ತು ಗಂಟೆ ಬಾರಿಸಿತು.

"ಫ್ಲಾಯ್ಡ್? ನಾನು ಕಣೋ. ಇಡ್ಬೇಡ. ಇಡ್ಬೇಡ ಅಂದೆ. ವೆಂಡೆಲ್ ಏನೋ ಹೇಳ್ಬೇಕಂತೆ." ಅವನ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ನಿಂತಳು.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮರ್ನಾಗಾಗಿದ್ದವು. ಫ್ಲಾಯ್ಡ್‌ಗೆ ಹೇಳುವುದನ್ನು ಅವನು ಯೋಚಿಸಿಯೇ ಇರಲಿಲ್ಲ. ಅದು ಈಗ ತಿಳಿಯಿತು, ಮತ್ತು ಬೇರೆ ಎಲ್ಲಕ್ಕಿಂತ ಇದಕ್ಕೇ ಹೆಚ್ಚು ನಾಚಿಕೆಯಾಯಿತು.

"ಫ್ಲಾಯ್ಡ್, ಗಿಡಕ್ಕೆ ಆಗಿರೋದು ನೀರಿಂದ ಅಲ್ಲ. ನುಸಿ. ನಾನು ಕೊಟ್ಟ ಸಸಿಯಿಂದ ಬಂತು. ಶನಿವಾರ ನಂಗೆ ಗೊತ್ತಿತ್ತು. ಗೊತ್ತಿದ್ದೂ ನೀರು ಅಂದೆ."

ಆ ಕಡೆ ಎಲ್ಲೋ ಕೆಳಗಿನ ಗ್ಯಾರೇಜಿನಲ್ಲಿ ಯಾರೋ ಕಬ್ಬಿಣ ಬಡಿಯುವ ಸದ್ದು. ಬಡಿತ ನಿಂತಿತು, ಮತ್ತೆ ಶುರುವಾಯಿತು.

"ಹಾಗಾದ್ರೆ ನೀರು ನಾನು ಸರಿಯಾಗೇ ಬಿಡ್ತಿದ್ನಾ?" ಎಂದ ಫ್ಲಾಯ್ಡ್.

"ಸರಿಯಾಗೇ ಬಿಡ್ತಿದ್ದೆ."

"ಒಂದು ದಿನಾನೂ ಜಾಸ್ತಿ ಆಗಿರ್ಲಿಲ್ವಾ?"

"ಇಲ್ಲ."

"ನಾನು ನಾಲ್ಕು ದಿನದಿಂದ ಒಂದೊಂದು ಗಿಡನೂ ನೆನಪು ಮಾಡ್ಕೊಂಡು ನೋಡ್ತಿದೀನಿ ಕಣೋ. ಎಲ್ಲಿ ಮರೆತೆ, ಯಾವುದಕ್ಕೆ ಎರಡು ಸಲ ಬಿಟ್ಟೆ ಅಂತ. ಒಂದೂ ಸಿಗ್ಲಿಲ್ಲ. ಸಿಗ್ತಿಲ್ಲ ಅಂದ್ರೆ ತಲೆ ಅಷ್ಟು ಹೋಗಿದೆ ಅಂದ್ಕೊಂಡೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಯಾರಿಗೋ ವಿವರಿಸುವಂತೆ ಹೇಳುತ್ತಿದ್ದ. "ತಲೆ ಹೋದ ಮೇಲೆ ಕುಡಿಯದೇ ಇದ್ದು ಏನು ಕಡಿದು ಕಟ್ಟೆ ಹಾಕೋದಿದೆ ಅಂತ, ಈಗ ಶೂ ಹಾಕ್ಕೊಂಡು ಕೂತಿದೀನಿ. ಅಂಗಡಿಗೆ ಹೋಗೋಣ ಅಂತ."

ಹತ್ತು ದಿನದಿಂದ ವೆಂಡೆಲ್ ಗಿಡಗಳನ್ನೂ ತನ್ನ ಹೆಸರನ್ನೂ ತಕ್ಕಡಿಗೆ ಹಾಕಿ ತೂಗುತ್ತಿದ್ದ.

"ಮರ್ನಾ ಅಲ್ಲೇ ಇದಾಳಾ?"

"ಇಲ್ಲೇ ಇದಾಳೆ."

"ಅವಳಿಗೆ ಕೇಳೋ ಹಾಗೆ ಇನ್ನೊಂದು ಸಲ ಹೇಳು."

ವೆಂಡೆಲ್ ತಿರುಗಿ ಮರ್ನಾಳ ಮುಖ ನೋಡಿದ. "ಫ್ಲಾಯ್ಡ್ ನೀರು ಸರಿಯಾಗೇ ಬಿಡ್ತಿದ್ದ. ಒಂದು ದಿನಾನೂ ತಪ್ಪಿಲ್ಲ," ಎಂದ.

"ಇನ್ನೂ ಗಟ್ಟಿಯಾಗಿ," ಎಂದ ಫ್ಲಾಯ್ಡ್.

ವೆಂಡೆಲ್ ಗಟ್ಟಿಯಾಗಿ ಹೇಳಿದ.